ಕರುವಿಲ್ಲದ ಹೆಪ್ಪು

ಮೈಸೂರಿನಿಂದ ಬಂದಿದ್ದ ಅಮ್ಮ, ಮೊಮ್ಮಗಳ ತಟ್ಟೆಯ ಪಿಜ್ಜಾದಿಂದ ನೂಲಿನ ಹಾಗೆ ಎಳೆಎಳೆಯಾಗಿ ಬರುತ್ತಿದ್ದ ಚೀಸನ್ನೇ ನೋಡುತ್ತಿದ್ದಳು. ಮಗು ಕೈತೊಳೆಯಲು ಎದ್ದುಹೋದ ಮೇಲೆ ದನಿ ತಗ್ಗಿಸಿ ಕೇಳಿದಳು: "ಇದಕ್ಕೆ ಕರುವಿನ ಹೊಟ್ಟೆ ಹಾಕ್ತಾರಂತೆ, ಹೌದೇನೋ?"

"ಇಲ್ಲಮ್ಮ, ಪ್ಯಾಕೆಟ್ಟಿನ ಮೇಲೆ ಹಸಿರು ಚುಕ್ಕೆ ಇದೆ ನೋಡು" ಎಂದೆ.

"ಹಾಗಾದ್ರೆ ಹೆಪ್ಪಿಗೆ ಏನು ಹಾಕ್ತಾರೆ?"

ಈ ಎರಡನೆಯ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿದೆ: ಬೂಷ್ಟು. ತಂಗಳು ರೊಟ್ಟಿಯ ಮೇಲೆ, ಒದ್ದೆ ಚಪ್ಪಲಿಯ ಮೇಲೆ, ಮಳೆಗಾಲದಲ್ಲಿ ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಬೆಳೆಯುತ್ತದಲ್ಲ, ಅದೇ ಬಳಗದ ಶಿಲೀಂಧ್ರ. ಆದರೆ ಆ ಒಂದು ಮಾತಿಗೆ ಬಂದು ಮುಟ್ಟಲು ಜಗತ್ತಿಗೆ ಹತ್ತಿರಹತ್ತಿರ ನೂರು ವರ್ಷ ಹಿಡಿಯಿತು. ಆ ದಾರಿ ಬೆಂಗಳೂರು, ಮೈಸೂರುಗಳನ್ನು ಹಾದುಹೋಗಿದೆ ಎಂಬುದು ಅಮ್ಮನಿಗಿರಲಿ, ಮೈಸೂರಿನಲ್ಲೇ ಬೆಳೆದ ನನಗೂ ಬಹಳ ಕಾಲ ಗೊತ್ತಿರಲಿಲ್ಲ.

ಎರಡು ಪಾತ್ರೆ

ನಾವಿರುವ ದಿಲ್ಲಿಯ ಮಯೂರ್ ವಿಹಾರ್ ಹಾಲಿನ ನೆರೆಯಲ್ಲೇ ಬೆಳೆದ ಬಡಾವಣೆ. ಪಕ್ಕದ ಪಟ್‌ಪಡ್‌ಗಂಜ್‌ನಲ್ಲಿ ಮದರ್ ಡೇರಿಯ ಘಟಕವಿದೆ. ಆಪರೇಷನ್ ಫ್ಲಡ್ ಯೋಜನೆಯಡಿ 1974ರಲ್ಲಿ ಹುಟ್ಟಿದ ಮದರ್ ಡೇರಿಯೇ, ಟೋಕನ್ ಹಾಕಿದರೆ ನಲ್ಲಿಯಿಂದ ಹಾಲು ಸುರಿಯುವ ಬೂತುಗಳನ್ನು ದಿಲ್ಲಿಯ ಬೀದಿಬೀದಿಗೆ ತಂದದ್ದು. ಫೇಸ್ 3ರ ಕಡೆಗೆ ಹೋದರೆ ಘಾಜಿಪುರದ ಡೇರಿ ಕಾಲೊನಿ. ಅಲ್ಲಿ ಸಾಲಾಗಿ ಕಟ್ಟಿದ ಎಮ್ಮೆಗಳು. ಚಳಿಗಾಲದ ಬೆಳಿಗ್ಗೆ ಸಗಣಿ ತಿಪ್ಪೆಗಳಿಂದ ಬಿಳಿ ಹಬೆ ಏಳುತ್ತಿರುತ್ತದೆ. ಆ ಹಬೆಯ ಮಾತು ಮುಂದೆ ಮತ್ತೆ ಬರುತ್ತದೆ.

ಅಮ್ಮನಿಗೆ ಮಾತಿನಲ್ಲಿ ಹೇಳುವುದಕ್ಕಿಂತ ಮಾಡಿ ತೋರಿಸುವುದೇ ವಾಸಿ ಎಂದುಕೊಂಡು, ಘಾಜಿಪುರದಿಂದ ಹಸಿ ಎಮ್ಮೆ ಹಾಲು ತಂದು ಎರಡು ಪಾತ್ರೆಗೆ ಸಮನಾಗಿ ಸುರಿದೆ. ಒಂದನ್ನು ಕುದಿಸಿ ನಿಂಬೆರಸ ಹಿಂಡಿದೆ. ಕಣ್ಣೆದುರೇ ಹಾಲು ಒಡೆದು, ಬಿಳಿಯ ಚೂರುಗಳು ಒಂದು ಕಡೆ, ತಿಳಿನೀರು ಒಂದು ಕಡೆ ಆಯಿತು. ಇದು ಪನೀರಿನ ದಾರಿ, ಅಮ್ಮನಿಗೆ ಗೊತ್ತಿದ್ದದ್ದೇ. ಎರಡನೆಯದನ್ನು ಕುದಿಸಲಿಲ್ಲ. ಉಗುರುಬೆಚ್ಚಗೆ ಮಾಡಿ, 'ಮೈಕ್ರೋಬಿಯಲ್ ರೆನೆಟ್' (ಸೂಕ್ಷ್ಮಜೀವಿಯಿಂದ ಪಡೆದ ಹೆಪ್ಪು) ಎಂದು ಬರೆದಿದ್ದ ಪೊಟ್ಟಣದಿಂದ ಒಂದು ಚಿಟಿಕೆ ಪುಡಿ ತೆಗೆದು, ತಣ್ಣೀರಿನಲ್ಲಿ ಕದಡಿ, ಹಾಲಿಗೆ ಬೆರೆಸಿ ಮುಚ್ಚಿಟ್ಟೆ.

ಮುಕ್ಕಾಲು ಗಂಟೆ ಕಳೆದು ಮುಚ್ಚಳ ತೆಗೆದಾಗ ಹಾಲು ಹಾಲಿನಂತೆಯೇ ಕಾಣುತ್ತಿತ್ತು. ಅಮ್ಮ ಚಾಕುವಿನ ತುದಿಯನ್ನು ಓರೆಯಾಗಿ ಇಳಿಸಿ ಮೆಲ್ಲಗೆ ಎತ್ತಿದಳು. ಹೆಪ್ಪು ನೇರವಾಗಿ, ನುಣುಪಾಗಿ ಸೀಳಿಕೊಂಡಿತು. ಸೀಳಿನೊಳಗೆ ತೆಳು ಹಸಿರು ಬಣ್ಣದ ತಿಳಿ ಒಸರಿತು. ಬೆರಳ ತುದಿಯಲ್ಲಿ ನೆಕ್ಕಿ ನೋಡಿ ಹುಬ್ಬೇರಿಸಿದಳು. "ಹುಳೀನೇ ಇಲ್ವಲ್ಲೋ! ಗಿಣ್ಣಿನ ಹಾಗಿದೆ."

ಹುಳಿಯಿಲ್ಲ ಎಂಬುದರಲ್ಲೇ ಎಲ್ಲ ಗುಟ್ಟೂ ಇದೆ. ನಿಂಬೆ ತನ್ನ ಹುಳಿಯಿಂದ ಹಾಲನ್ನು ಒಡೆಯುತ್ತದೆ. ಮೊಸರಿನ ಬ್ಯಾಕ್ಟೀರಿಯಾಗಳು ತಾವೇ ಹುಳಿ ತಯಾರಿಸಿ ಹೆಪ್ಪುಗಟ್ಟಿಸುತ್ತವೆ. ರೆನೆಟ್ಟಿನ ಕಿಣ್ವ ಮಾಡುವುದು ಕತ್ತರಿಯ ಕೆಲಸ. ಹಾಲಿನ ಮುಖ್ಯ ಪ್ರೋಟೀನಾದ ಕೇಸೀನ್, ಕಣ್ಣಿಗೆ ಕಾಣದಷ್ಟು ಸಣ್ಣ ಉಂಡೆಗಳಾಗಿ ಹಾಲಿನಲ್ಲಿ ತೇಲುತ್ತಿರುತ್ತದೆ. ಒಂದೊಂದು ಉಂಡೆಯೂ ಕದಂಬದ ಹೂವಿನಂತೆ: ನಡುವೆ ಗಟ್ಟಿ ಚೆಂಡು, ಸುತ್ತಲೂ ನವಿರಾದ ಎಳೆಗಳು. ಆ ಎಳೆಗಳು ಅಡ್ಡ ನಿಲ್ಲುವುದರಿಂದಲೇ ಉಂಡೆಗಳು ಒಂದಕ್ಕೊಂದು ಅಂಟುವುದಿಲ್ಲ, ಹಾಲು ಹಾಲಾಗಿ ಉಳಿಯುತ್ತದೆ. ಎಳೆಗಳನ್ನು ಹೊತ್ತ ಕಪ್ಪಾ-ಕೇಸೀನ್ ಎಂಬುದು 169 ಅಮೈನೋ ಆಮ್ಲಗಳನ್ನು ಮಣಿಗಳಂತೆ ಪೋಣಿಸಿದ ಸರ. ಕರುವಿನ ಹೊಟ್ಟೆಯ ಕಿಣ್ವವಾದ ಕೈಮೊಸಿನ್ ಈ ಸರವನ್ನು ಸರಿಯಾಗಿ 105 ಮತ್ತು 106ನೆಯ ಮಣಿಗಳ ನಡುವೆ ಕತ್ತರಿಸುತ್ತದೆ. ಹತ್ತರಲ್ಲಿ ಎಂಟೊಂಬತ್ತು ಪಾಲು ಎಳೆ ಉದುರುವಷ್ಟರಲ್ಲಿ, ಬೋಳಾದ ಉಂಡೆಗಳು ಕ್ಯಾಲ್ಸಿಯಂ ನೆರವಿನಿಂದ ಒಂದನ್ನೊಂದು ಹಿಡಿದು ಬಲೆಯಾಗುತ್ತವೆ. ಕೊಬ್ಬು, ನೀರು ಎಲ್ಲವೂ ಆ ಬಲೆಯಲ್ಲಿ ಸಿಕ್ಕಿಬೀಳುತ್ತವೆ. ಒಳ್ಳೆಯ ದ್ರವ ರೆನೆಟ್ ಆದರೆ ಅದರ ಒಂದು ಪಾಲು, 35 ಡಿಗ್ರಿ ಬಿಸುಪಿನಲ್ಲಿ 40 ನಿಮಿಷಕ್ಕೆ, 10ರಿಂದ 15 ಸಾವಿರ ಪಾಲು ಹಾಲನ್ನು ಹೆಪ್ಪಾಗಿಸುತ್ತದೆ.

ಆದರೆ ಕತ್ತರಿ ಹರಿತವಾಗಿದ್ದರೆ ಸಾಲದು. ಒಂದು ಕಡೆ ಕತ್ತರಿಸಿ ಸುಮ್ಮನಾಗಬೇಕು. ಸುಮ್ಮನಾಗದೆ ಸಿಕ್ಕಸಿಕ್ಕಲ್ಲಿ ಕತ್ತರಿಸುತ್ತ ಹೋದರೆ ಪ್ರೋಟೀನಿನ ಚೂರುಗಳು ತಿಳಿಯ ಜತೆ ಹರಿದುಹೋಗಿ ಚೀಸಿನ ತೂಕ ಇಳಿಯುತ್ತದೆ; ಉಳಿದ ಚೂರುಗಳು ಚೀಸನ್ನು ಕಹಿ ಮಾಡುತ್ತವೆ. ಕರುವಿನ ಬದಲಿಗೆ ಇನ್ನೇನು ಎಂಬ ಹುಡುಕಾಟವೆಲ್ಲ, ಸುಮ್ಮನಾಗಬಲ್ಲ ಕತ್ತರಿಗಾಗಿ ನಡೆದ ಹುಡುಕಾಟ.

ಬೆಂಗಳೂರಿನ ಬೀಜ

ಹಾಲು ಕುಡಿಯುವ ಕರುವಿನ ನಾಲ್ಕನೆಯ ಜಠರದಲ್ಲಿ ಕೈಮೊಸಿನ್ ಇರುವುದಕ್ಕೆ ಕಾರಣವಿದೆ. ಹಾಲು ನೀರಿನಂತೆ ಜಾರಿಹೋಗದೆ, ಹೆಪ್ಪಾಗಿ ನಿಂತು ನಿಧಾನಕ್ಕೆ ಜೀರ್ಣವಾಗಬೇಕು. ಕರು ಹುಲ್ಲು ಮೇಯತೊಡಗಿದಂತೆ ಕೈಮೊಸಿನ್ ತಗ್ಗಿ ಪೆಪ್ಸಿನ್ ಎಂಬ ಬೇರೆ ಕಿಣ್ವ ಹೆಚ್ಚುತ್ತದೆ. ಆದ್ದರಿಂದ ಒಳ್ಳೆಯ ರೆನೆಟ್ ಬೇಕೆಂದರೆ ಕರು ಇನ್ನೂ ಹಾಲು ಕುಡಿಯುವಾಗಲೇ ಕೊಲ್ಲಬೇಕು. ಯುರೋಪಿನ ರೈತರು ಒಣಗಿಸಿದ ಕರುವಿನ ಜಠರವನ್ನು ಉಪ್ಪುನೀರಿನಲ್ಲಿ ನೆನೆಸಿ ತಲೆಮಾರುಗಳಿಂದ ಬಳಸುತ್ತಿದ್ದರು. 1874ರಲ್ಲಿ ಡೆನ್ಮಾರ್ಕಿನ ಕ್ರಿಶ್ಚಿಯನ್ ಹ್ಯಾನ್ಸೆನ್, ಪ್ರತಿ ಸಲವೂ ಒಂದೇ ಶಕ್ತಿಯಿರುವ ರೆನೆಟ್ ದ್ರವವನ್ನು ಕೋಪನ್‌ಹೇಗನ್‌ನಲ್ಲಿ ತಯಾರಿಸಿ ಮಾರತೊಡಗಿದರು. ಅಲ್ಲಿಂದ ಚೀಸ್ ಕಾರ್ಖಾನೆಯ ಸರಕಾಯಿತು.

ಭಾರತಕ್ಕೆ ಅದು ಬರುವಾಗ ಈ ಕರುವೇ ಅಡ್ಡ ಬಂತು. ಪ್ರಾಣಿಯ ಹೊಟ್ಟೆ ತಾಗಿದ ಚೀಸನ್ನು ಇಲ್ಲಿಯ ಜನ ಮುಟ್ಟಲಾರರು ಎಂಬುದು 1880ರ ದಶಕದಲ್ಲೇ ಲಂಡನ್ನಿನ ಕ್ಯೂ ಸಸ್ಯೋದ್ಯಾನದವರೆಗೆ ತಲುಪಿದ ಮಾತು. ಆಗ ಕಣ್ಣಿಗೆ ಬಿದ್ದದ್ದು ಅಶ್ವಗಂಧದ ಸೋದರ ಸಸ್ಯವೊಂದು. ಸಿಂಧ್, ಬಲೂಚಿಸ್ತಾನ, ಅಫ್ಘಾನಿಸ್ತಾನಗಳ ಒಣನೆಲದಲ್ಲಿ ಬೆಳೆಯುವ ಇದರ ಕಾಯಿಯಿಂದ ಅಲ್ಲಿಯವರು ಹಾಲಿಗೆ ಹೆಪ್ಪು ಹಾಕುತ್ತಿದ್ದರು. ಕೇಂಬ್ರಿಜ್‌ನ ಶೆರಿಡನ್ ಲೀ ಅದರ ಬೀಜಗಳಿಂದ ಉಪ್ಪುನೀರಿನಲ್ಲಿ ಕಿಣ್ವವನ್ನು ಇಳಿಸಿ, ಅದು ರೆನೆಟ್ಟಿನಂತೆಯೇ ಕೆಲಸ ಮಾಡುತ್ತದೆಂದು ರಾಯಲ್ ಸೊಸೈಟಿಗೆ ವರದಿ ಒಪ್ಪಿಸಿದರು. ಹಳೇ ದಿಲ್ಲಿಯ ಖಾರಿ ಬಾವ್ಲಿಯಲ್ಲಿ ಈ ಕಾಯಿ ಇವತ್ತಿಗೂ 'ಪನೀರ್ ಡೋಡಾ' ಎಂಬ ಹೆಸರಿನಲ್ಲಿ ಸಿಗುತ್ತದೆ. ಈಗ ಕೊಳ್ಳುವವರು ಸಕ್ಕರೆ ಕಾಯಿಲೆಯವರು. ಹೆಪ್ಪಿನ ಕಥೆ ಅದರ ಹೆಸರಿನಲ್ಲಷ್ಟೇ ಉಳಿದಿದೆ.

ಅದೇ ಕಾಯಿ ಬೆಂಗಳೂರಿಗೂ ಬಂತು. ಮಿಲಿಟರಿ ಡೇರಿ ಫಾರ್ಮಿನ ನೆಲದಲ್ಲಿ 1923ರಲ್ಲಿ ಶುರುವಾದ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ, ಇವತ್ತು ಆಡುಗೋಡಿಯಲ್ಲಿರುವ ರಾಷ್ಟ್ರೀಯ ಡೇರಿ ಸಂಶೋಧನಾ ಸಂಸ್ಥೆಯ ದಕ್ಷಿಣ ಕೇಂದ್ರದ ಮೂಲ. 1927ರಲ್ಲಿ ಬೆಂಗಳೂರಿನಲ್ಲಿ ವಿಶ್ರಾಂತಿಗೆಂದು ತಂಗಿದ್ದ ಗಾಂಧೀಜಿ ಅಲ್ಲಿಗೆ ದಿನಗಟ್ಟಲೆ ಹೋಗಿ ಗೋಸಾಕಣೆ ಕಲಿತು, ಸಂದರ್ಶಕರ ಪುಸ್ತಕದಲ್ಲಿ ತಮ್ಮನ್ನು ಸಾಬರಮತಿಯ ರೈತ ಎಂದು ಬರೆದುಕೊಂಡರು. ಅದಾದ 13 ವರ್ಷಕ್ಕೆ, 1940ರಲ್ಲಿ, ಆ ಸಂಸ್ಥೆಯ ಜಾಲ್ ಕೊಥಾವಾಲಾ ಮತ್ತು ಖುಬ್‌ಚಂದಾನಿ ಸಸ್ಯಜನ್ಯ ರೆನೆಟ್ ಕುರಿತ ತಮ್ಮ ಮೊದಲ ಪ್ರಯೋಗಗಳನ್ನು ಪ್ರಕಟಿಸಿದರು. ಗೋಸಾಕಣೆ ಕಲಿಯಲು ಗಾಂಧೀಜಿ ಹೋಗಿದ್ದ ಜಾಗದಲ್ಲೇ ಕರುವನ್ನು ಕೊಲ್ಲದೆ ಚೀಸ್ ಮಾಡುವ ದಾರಿ ಹುಡುಕಿದರು ಎಂಬುದನ್ನು ಓದಿದ ದಿನ ನನಗೆ ಆ ಸಂಸ್ಥೆಯ ಬಗ್ಗೆ ಹೊಸ ಗೌರವ ಹುಟ್ಟಿತು.

ಸಸ್ಯಗಳ ಹುಡುಕಾಟ ಮೈಸೂರಿನಲ್ಲಿ ಮುಂದುವರಿಯಿತು. ಮಹಾರಾಜರ ಕಾಲದ ಚೆಲುವಾಂಬ ಅರಮನೆಯಲ್ಲಿ 1950ರಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಎಲ್ಲರ ಬಾಯಲ್ಲಿ ಸಿಎಫ್‌ಟಿಆರ್‌ಐ, ಕಣ್ಣುಬಿಟ್ಟಿತು. ಅದರ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಮತ್ತು ಅವರ ಸಂಗಡಿಗರು ಅಂಜೂರದ ಗಿಡದ ಹಾಲಿನಲ್ಲಿರುವ ಫಿಸಿನ್ ಕಿಣ್ವದಿಂದ ಚೆಡ್ಡರ್ ಚೀಸ್ ಮಾಡುವ ವಿಧಾನವನ್ನು 1961ರಲ್ಲಿ ಪ್ರಕಟಿಸಿದರು. ಆದರೆ ಗಿಡದ ಕಿಣ್ವಗಳ ತೊಡಕೇ ಅದು: ಅಂಜೂರವಿರಲಿ, ಪರಂಗಿಯಿರಲಿ, ಅವು ಸುಮ್ಮನಾಗುವ ಜಾತಿಯವಲ್ಲ. ಮಾಂಸವನ್ನೂ ಮೆತ್ತಗಾಗಿಸುವ ಕತ್ತರಿಗಳು. ಎಷ್ಟು ಶುದ್ಧಿ ಮಾಡಿದರೂ ಕಹಿಯ ಭಯ ತಪ್ಪುತ್ತಿರಲಿಲ್ಲ. ಬೆಂಗಳೂರಿನಿಂದ ಕರ್ನಾಲಿಗೆ 1955ರಲ್ಲಿ ಹೋದ ಡೇರಿ ಸಂಸ್ಥೆಯಲ್ಲಿ ಆರ್.ಎ. ಶ್ರೀನಿವಾಸನ್ ಮತ್ತಿತರರು ಗಿಡ ಬಿಟ್ಟು ಸೂಕ್ಷ್ಮಜೀವಿಗಳ ಕಡೆಗೆ ತಿರುಗಿದರು. ಅವುಗಳ ಹೆಪ್ಪುಕಿಣ್ವದ ಮೇಲೆ ಅವರ ಪ್ರಬಂಧ 1964ರಲ್ಲಿ ಅಮೆರಿಕದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು.

ತಿಪ್ಪೆಯ ಹಬೆ

ಅಷ್ಟರಲ್ಲಿ ಯುರೋಪು, ಅಮೆರಿಕಗಳಿಗೂ ಚಿಂತೆ ಹತ್ತಿತ್ತು. ಚೀಸ್ ತಿನ್ನುವವರು ಹೆಚ್ಚಿದರು, ಎಳೆಗರುಗಳನ್ನು ಕಡಿಯುವುದು ಕಡಿಮೆಯಾಯಿತು. ರೆನೆಟ್ ಸಾಲದಾಯಿತು. ಉತ್ತರ ಬಂದದ್ದು ಚೀಸಿನ ಪರಂಪರೆಯೇ ಇಲ್ಲದ ಜಪಾನಿನಿಂದ. ಅಕ್ಕಿಗೆ ಬೂಷ್ಟು ಹತ್ತಿಸಿ ಮಿಸೊ, ಸಾಕೆ ಮಾಡುವ ಆ ಜನಕ್ಕೆ ಬೂಷ್ಟು ಹಳೆಯ ನಂಟ. ಟೋಕಿಯೊ ವಿಶ್ವವಿದ್ಯಾಲಯದ ಕೇ ಅರಿಮಾ ಮತ್ತು ಅವರ ತಂಡ ಸುಮಾರು 800 ಸೂಕ್ಷ್ಮಜೀವಿಗಳನ್ನು ಒಂದೊಂದಾಗಿ ಹಾಲಿಗೆ ಹಾಕಿ ನೋಡಿತು. ಎಲ್ಲದರಲ್ಲೂ ಒಂದೇ ತಕ್ಕಡಿಯಲ್ಲಿ ಅಳೆದದ್ದು ಎರಡು ಗುಣ: ಹೆಪ್ಪುಗಟ್ಟಿಸುವ ಬಲ ಎಷ್ಟು, ಆಮೇಲೂ ಕತ್ತರಿಸುತ್ತ ಹೋಗುವ ಚಪಲ ಎಷ್ಟು. ಮೊದಲನೆಯದು ಹೆಚ್ಚಿದ್ದು ಎರಡನೆಯದು ಕಡಿಮೆಯಿದ್ದ ಒಂದು ಶಿಲೀಂಧ್ರ ಮಣ್ಣಿನಲ್ಲಿ ಸಿಕ್ಕಿತು: ಮ್ಯೂಕರ್ ಪುಸಿಲಸ್. 1967ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಅದನ್ನು ಬೆಳೆಸಿದ್ದು ಗೋಧಿ ಬೂಸಾದ ಮೇಲೆ.

ಮರುವರ್ಷ, 1968ರಲ್ಲಿ, ಅಮೆರಿಕದ ಫೈಜರ್ ಕಂಪನಿಯ ಸಾರ್ಡಿನಾಸ್ ಇನ್ನೊಂದು ಶಿಲೀಂಧ್ರದ ವರದಿ ಕೊಟ್ಟರು. ಅದರ ಹೆಸರು ಕೇಳಿದರೆ ಅಲ್ಲಿಯವರಿಗೆ ಸಂಕಟವಾಗಬೇಕು: ಎಂಡೋಥಿಯಾ ಪ್ಯಾರಾಸಿಟಿಕಾ. 1904ರಲ್ಲಿ ನ್ಯೂಯಾರ್ಕಿನ ಮೃಗಾಲಯದ ಆವರಣದಲ್ಲಿ ಮೊದಲು ಕಾಣಿಸಿಕೊಂಡು, ಮುಂದಿನ ಕೆಲವೇ ದಶಕಗಳಲ್ಲಿ ಅಮೆರಿಕದ ಚೆಸ್ಟ್‌ನಟ್ ಮರಗಳನ್ನು ಕೋಟಿಗಟ್ಟಲೆ ಒಣಗಿಸಿದ ರೋಗದ ಶಿಲೀಂಧ್ರ ಅದು. ಅದರ ಕತ್ತರಿ ಒಂದು ಮಣಿಯಷ್ಟು ಹಿಂದೆ, 104 ಮತ್ತು 105ರ ನಡುವೆ ಬೀಳುತ್ತದೆ. ತುಸು ಚಪಲದ ಕತ್ತರಿಯೇ, ಆದರೆ ಬಿಸಿ ತಾಳುವುದಿಲ್ಲ. ಎಮೆಂಟಲ್‌ನಂಥ ಸ್ವಿಸ್ ಚೀಸುಗಳಲ್ಲಿ ಹೆಪ್ಪನ್ನು 50 ಡಿಗ್ರಿಗೂ ಮೇಲೆ ಕಾಯಿಸುತ್ತಾರಾದ್ದರಿಂದ, ಹೆಪ್ಪು ಕಟ್ಟಿಸಿದ ಮೇಲೆ ಅದು ಆ ಬಿಸಿಗೇ ಸತ್ತು ಸುಮ್ಮನಾಗುತ್ತದೆ. ಅದರ ಚಪಲಕ್ಕೆ ಆ ಚೀಸಿನ ಪದ್ಧತಿಯೇ ಮದ್ದು.

ಮೂರನೆಯದು ಮ್ಯೂಕರ್ ಮೀಹೈ, ಈಗಿನ ಹೆಸರು ರೈಜೊಮ್ಯೂಕರ್ ಮೀಹೈ. ಒದ್ದೆ ಹುಲ್ಲಿನ ಬಣವೆ ತನ್ನಷ್ಟಕ್ಕೇ ಕಾವೇರುವುದು ಯಾಕೆ ಎಂದು ಸಂಶೋಧಿಸಿದ ಜರ್ಮನಿಯ ಹ್ಯೂಗೊ ಮೀಹೆ ಅವರ ಹೆಸರನ್ನು ಅದಕ್ಕಿಟ್ಟಿದ್ದಾರೆ. ಕೊಳೆಯುವ ಬಣವೆ, ಗೊಬ್ಬರದ ಗುಂಡಿಗಳ ಬಿಸುಪು ಇಂಥ ಉಷ್ಣಪ್ರಿಯ ಶಿಲೀಂಧ್ರಗಳ ತವರು. ಘಾಜಿಪುರದ ತಿಪ್ಪೆಯಿಂದ ಏಳುವ ಹಬೆಯ ಅಡಿಯಲ್ಲಿ ನಡೆಯುವುದೂ ಇದೇ ಬಗೆಯ ಬದುಕು. ಡೆನ್ಮಾರ್ಕಿನ ನೊವೊ ಕಂಪನಿ ಇದನ್ನು ಬೆಳೆಸಿ 'ರೆನ್ನಿಲೇಸ್' ಎಂದು ಮಾರತೊಡಗಿತು. ಇದರ ಕತ್ತರಿ ಬೀಳುವುದು ಕರುವಿನ ಕಿಣ್ವ ಬೀಳುವ ಜಾಗದಲ್ಲೇ, 105 ಮತ್ತು 106ರ ನಡುವೆ. ಶಿಲೀಂಧ್ರದ ರೆನೆಟ್ ಎಂದರೆ ಇದೇ ಎಂಬಷ್ಟು ಬಳಕೆಗೆ ಬಂತು.

ಆದರೆ ಬಿಸಿಯಲ್ಲಿ ಹುಟ್ಟಿದ್ದಕ್ಕೆ ಬಿಸಿ ತಾಳುವ ಗುಣವೂ ಇರುತ್ತದೆ. ಇದನ್ನು ಪುಸ್ತಕದಲ್ಲಿ ಓದಿದ್ದೆ. ಹೆಪ್ಪು ಕಟ್ಟಿದ ಮೇಲೂ ಕಿಣ್ವ ತಿಳಿಯಲ್ಲಿ ಉಳಿದಿರುತ್ತದೆ ಎಂಬುದನ್ನು ಮಾತ್ರ ಕಣ್ಣಾರೆ ತೋರಿಸಿದವಳು ಅಮ್ಮ. ಎರಡು ಪಾತ್ರೆಯ ಪ್ರಯೋಗ ಮಾಡಿದ ಆ ಜೂನ್ ಸಂಜೆ, ಹೆಪ್ಪು ಸೋಸಿದ ಪಾತ್ರೆಯ ತಳದಲ್ಲಿ ಒಂದು ಸೌಟಿನಷ್ಟು ತಿಳಿ ಉಳಿದಿತ್ತು. ಅಮ್ಮ ಅದನ್ನು ಗಮನಿಸದೆ ಹೊಸದಾಗಿ ಬಂದ ಹಸಿ ಹಾಲನ್ನು ಅದಕ್ಕೇ ಸುರಿದು, ಆಮೇಲೆ ಕಾಯಿಸಿದರಾಯಿತೆಂದು ಬಿಟ್ಟಳು. ಫೋನು, ಊಟ, ಮಾತು ಮುಗಿದು ರಾತ್ರಿ ಒಲೆ ಹಚ್ಚಲು ಹೋದರೆ ಹಾಲು ಪಾತ್ರೆಯಲ್ಲಿ ಅಲುಗಾಡುವ ಗಿಣ್ಣಾಗಿತ್ತು. "ಅಯ್ಯೋ, ನಾನು ಹೆಪ್ಪೇ ಹಾಕಿಲ್ವಲ್ಲೋ!" ಎಂದಳು. ಹಾಕಿದ್ದಳು. ಕತ್ತರಿ ತನ್ನ ಕೆಲಸ ಮುಗಿಸಿ ಸವೆಯುವುದಿಲ್ಲ, ತಿಳಿಯಲ್ಲಿ ಹಾಗೇ ಕಾಯುತ್ತಿರುತ್ತದೆ.

ಮನೆಯಲ್ಲಿ ಇದು ಸೋಜಿಗ, ಕಾರ್ಖಾನೆಯಲ್ಲಿ ನಷ್ಟ. ಚೀಸಿನ ತಿಳಿಯನ್ನು ಪುಡಿ ಮಾಡಿ ಬೇರೆ ಆಹಾರಗಳಿಗೆ ಬೆರೆಸುತ್ತಾರೆ. ಕರುವಿನ ಕಿಣ್ವ ಮಾಮೂಲಿ ಪಾಶ್ಚರೀಕರಣದ ಬಿಸಿಗೆ ಸಾಯುತ್ತದೆ, ಮೀಹೈಯದು ಸಾಯುತ್ತಿರಲಿಲ್ಲ. ಉಳಿದುಕೊಂಡ ಕಿಣ್ವ ಆ ಆಹಾರದ ಹಾಲನ್ನು ಕೆಡಿಸುತ್ತಿತ್ತು. ಇದಕ್ಕೆ ರಸಾಯನಶಾಸ್ತ್ರಜ್ಞರು ಕಂಡುಕೊಂಡ ಉಪಾಯ ಸೊಗಸಾದದ್ದು: ಕಿಣ್ವವನ್ನು ಹೈಡ್ರೋಜನ್ ಪೆರಾಕ್ಸೈಡಿನಂಥ ವಸ್ತುವಿನಿಂದ ಹದವಾಗಿ ಉತ್ಕರ್ಷಿಸಿದರು. ಅದರೊಳಗಿನ ಮೆಥಿಯೊನಿನ್ ಮಣಿಗಳು ಬದಲಾಗಿ, ಕತ್ತರಿಸುವ ಬಲ ಉಳಿದು, ಬಿಸಿ ತಾಳುವ ಗಟ್ಟಿತನ ಮಾತ್ರ ಇಳಿಯಿತು. ತಿಪ್ಪೆಯ ಕತ್ತರಿಯೂ ಕೊನೆಗೆ ಸುಮ್ಮನಾಗಲು ಕಲಿಯಿತು.

ಮೈಸೂರಿನ ಬೂಸಾ

ಈ ಕತ್ತರಿಯನ್ನು ನಾವೇ ತಯಾರಿಸಲು ಬರುವುದಿಲ್ಲವೇ ಎಂಬ ಪ್ರಶ್ನೆಯನ್ನು ಮೈಸೂರಿನ ಸಿಎಫ್‌ಟಿಆರ್‌ಐ ಕೈಗೆತ್ತಿಕೊಂಡಿತು. ಪಶ್ಚಿಮದ ಕಂಪನಿಗಳು ಭಾರಿ ಉಕ್ಕಿನ ತೊಟ್ಟಿಗಳಲ್ಲಿ ದ್ರವದೊಳಗೆ ಶಿಲೀಂಧ್ರ ಬೆಳೆಸುತ್ತಿದ್ದವು. ಮೈಸೂರಿನವರು ಹಿಡಿದದ್ದು ಘನ ಹುದುಗುವಿಕೆಯ ದಾರಿ. ಎಂ.ಎಸ್. ಠಾಕೂರ್, ಎನ್.ಜಿ. ಕಾರಂತ್ ಮತ್ತು ಕೃಷ್ಣ ನಂದ್ ಅವರು ಮ್ಯೂಕರ್ ಮೀಹೈಯನ್ನು ಗೋಧಿ ಬೂಸಾದ ಮೇಲೆ ಬೆಳೆಸಿ ರೆನೆಟ್ ಪಡೆಯುವ ವಿಧಾನವನ್ನು 1990ರಲ್ಲಿ ಪ್ರಕಟಿಸಿದರು. ಬೂಷ್ಟು ಹಿಡಿದ ಬೂಸಾದಿಂದ ಕಿಣ್ವವನ್ನು ಇಳಿಸಿ ಶುದ್ಧಿ ಮಾಡುವ ಬಗೆಯನ್ನು 1993ರಲ್ಲಿ ಬರೆದರು.

ಘನ ಹುದುಗುವಿಕೆ ಕೇಳಲು ದೊಡ್ಡ ಹೆಸರು. ನೋಡಲು ನಮ್ಮ ಅಡುಗೆಮನೆಗೆ ದೂರದ್ದಲ್ಲ. ಬೂಸಾಕ್ಕೆ ನೀರು ಚಿಮುಕಿಸಿ, ಹಿಡಿದರೆ ಉದುರುವ ಉಪ್ಪಿಟ್ಟಿನ ಹದಕ್ಕೆ ತಂದು, ಹಬೆಯಲ್ಲಿ ಬೇಯಿಸಿ ಬೇರೆ ಜೀವಿಗಳನ್ನೆಲ್ಲ ಕೊಂದು, ಆರಿದ ಮೇಲೆ ಶಿಲೀಂಧ್ರದ ಬೀಜಾಣು ಬೆರೆಸಿ ತಟ್ಟೆಗಳಲ್ಲಿ ತೆಳುವಾಗಿ ಹರಡಿ ಬೆಚ್ಚಗಿಡುವುದು. ಕೆಲವು ದಿನಗಳಲ್ಲಿ ಬೂಸಾದ ತುಂಬ ಬೂಷ್ಟಿನ ನೂಲು ಹೆಣೆದುಕೊಂಡು, ಅದು ಆಹಾರಕ್ಕಾಗಿ ಹೊರಬಿಟ್ಟ ಕಿಣ್ವ ಬೂಸಾದಲ್ಲೇ ನಿಲ್ಲುತ್ತದೆ. ನೀರಿನಲ್ಲಿ ತೊಳೆದರೆ ಕಿಣ್ವ ಇಳಿಯುತ್ತದೆ. ನೀರು ಕಡಿಮೆ ಸಾಕು, ಯಂತ್ರ ಸರಳ, ಕಚ್ಚಾ ವಸ್ತು ಗಿರಣಿಯಲ್ಲಿ ಉಳಿದದ್ದು. ಬಡ ದೇಶವೊಂದು ತನ್ನ ಕೈಯಲ್ಲಿರುವುದನ್ನೇ ನಂಬಿ ಮಾಡಿದ ವಿಜ್ಞಾನ ಇದು.

ಅದೇ 1990ರ ಮಾರ್ಚಿನಲ್ಲಿ ಅಮೆರಿಕ ಸರ್ಕಾರ ಇನ್ನೊಂದು ಬಾಗಿಲು ತೆರೆಯಿತು. ಕರುವಿನ ಕೈಮೊಸಿನ್ ವಂಶವಾಹಿಯನ್ನು ಬ್ಯಾಕ್ಟೀರಿಯಾದೊಳಗೆ ಸೇರಿಸುವ ಕೆಲಸವನ್ನು ಟೋಕಿಯೊದ ತೆರುಹಿಕೊ ಬೆಪ್ಪು ಅವರ ತಂಡ 1980ರ ದಶಕದ ಆರಂಭದಲ್ಲೇ ಮಾಡಿತ್ತು. ಆ ಬಗೆಯಲ್ಲಿ ಫೈಜರ್ ತಯಾರಿಸಿದ ಕೈಮೊಸಿನ್‌ಗೆ ಈಗ ಅನುಮತಿ ಸಿಕ್ಕಿತು. ವಂಶವಾಹಿ ತಂತ್ರದಿಂದ ಬಂದು ಅಲ್ಲಿ ಒಪ್ಪಿಗೆ ಪಡೆದ ಮೊದಲ ಆಹಾರ ಪದಾರ್ಥ ಅದು. ಬೇಗನೆ ಈ ಕೆಲಸಕ್ಕೂ ಬೂಷ್ಟೇ ಬಂತು: ಆಸ್ಪರ್ಜಿಲಸ್ ನೈಗರ್ ಎಂಬ ಕಪ್ಪು ಬೂಷ್ಟು ಕರುವಿನ ವಂಶವಾಹಿ ಹೊತ್ತು, ಕರುವಿನ ಕಿಣ್ವವನ್ನೇ ಸ್ರವಿಸತೊಡಗಿತು. ಹೀಗೆ ಕರುವಿನ ಬದಲಿಗೆ ಬಂದ ಬೂಷ್ಟಿಗೆ ಕರುವಿನ ಕತ್ತರಿಯೇ ದಕ್ಕಿತು. ಇಂದು ಜಗತ್ತಿನ ಚೀಸಿನ ದೊಡ್ಡ ಪಾಲು ಈ ಬಗೆಯ ಕಿಣ್ವದಿಂದಲೇ ಆಗುತ್ತದೆ.

ಭಾರತದಲ್ಲಿ 2011ರ ಆಹಾರ ಸುರಕ್ಷತೆಯ ನಿಯಮಗಳು ಚೀಸ್ ಎಂದರೇನು ಎಂದು ಹೇಳುವಾಗಲೇ, ಅದು ಪ್ರಾಣಿಮೂಲವಲ್ಲದ ರೆನೆಟ್ ಅಥವಾ ಬೇರೆ ಸೂಕ್ತ ವಸ್ತುವಿನಿಂದ ಹೆಪ್ಪಾಗಿರಬೇಕು ಎನ್ನುತ್ತವೆ. ಕ್ಯೂ ಉದ್ಯಾನಕ್ಕೆ ತಲುಪಿದ್ದ ಮಾತು ಕಾನೂನಿನ ಸಾಲಾಗಲು ಸುಮಾರು 130 ವರ್ಷ ಹಿಡಿಯಿತು. ಹಸಿರು ಚುಕ್ಕೆ ಎಲ್ಲ ಪ್ರಶ್ನೆಗೂ ಉತ್ತರವಲ್ಲ ಎಂಬುದು ನನಗೆ ಗೊತ್ತಿದೆ. ಹಾಲು ಕೊಡದ ಗಂಡುಗರುವಿನ ಪಾಡೇನು ಎಂದು ಕೇಳುವವರಿಗೆ ಯಾವ ಕಿಣ್ವವೂ ಸಮಾಧಾನ ಹೇಳಲಾರದು. ಆದರೂ ಚೀಸಿನ ಒಂದು ಹೆಪ್ಪಿಗಾಗಿ ಎಳೆಗರುವನ್ನು ಕಡಿಯಬೇಕಾಗಿಲ್ಲ ಎಂಬಷ್ಟನ್ನು ಮನುಷ್ಯರು ದುಡಿದು ಗಳಿಸಿದ್ದಾರೆ. ಅದು ಸಣ್ಣ ಗಳಿಕೆಯಲ್ಲ.

ಅಮ್ಮ ಊರಿಗೆ ಹೊರಡುವ ಹಿಂದಿನ ದಿನ, ಬಟ್ಟೆಯಲ್ಲಿ ಕಟ್ಟಿ ತೂಗುಹಾಕಿದ್ದ ಹೆಪ್ಪನ್ನು ಬಿಚ್ಚಿ ಉಪ್ಪು ಸವರುತ್ತ ಇದಿಷ್ಟನ್ನೂ ಹೇಳಿದೆ. ಬೆಂಗಳೂರು, ಟೋಕಿಯೊಗಳನ್ನು ಸುಮ್ಮನೆ ಕೇಳಿಸಿಕೊಂಡಳು. ಸಿಎಫ್‌ಟಿಆರ್‌ಐ ಎಂದಾಗ ತಲೆಯೆತ್ತಿದಳು.

"ಆ ಚೆಲುವಾಂಬ ಅರಮನೆ ಕಾಂಪೌಂಡಲ್ಲಾ? ಮೂವತ್ತು ವರ್ಷ ಅದರ ಮುಂದೇನೇ ಓಡಾಡಿದೀನಿ. ಒಳಗೆ ಇದನ್ನೆಲ್ಲ ಮಾಡ್ತಿದ್ರಾ?"

"ಹೂಂ ಅಮ್ಮ. ಗೋಧಿ ಬೂಸಾದ ಮೇಲೆ."

ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. "ಹಸುವಿಗೆ ಹಾಕೋ ಬೂಸಾನೇ ಕರುನ ಉಳಿಸ್ತು ಅನ್ನು" ಎಂದು, ಇನ್ನೊಂದು ಚೂರಿಗೆ ಕೈಚಾಚಿದಳು.